ಮುಂದಿನ ಸಾಲಿನ ‘ಆಹಾ’

ಚನ್ನಗಿರಿ
28 ನವೆಂಬರ್ 2023

ಗಿಟಾರ್ ಮೈಲಾರಿಯವರಿಗೆ ಮುಂದಿನ ಸಾಲಿನ ಮರುಳಪ್ಪ ಮಾಡುವ ನಮಸ್ಕಾರ.

ಇವನ್ಯಾರು ಮುಂದಿನ ಸಾಲಿನ ಮರುಳಪ್ಪ ಎಂದು ತಲೆ ಕೆರೆದುಕೊಳ್ಳಬೇಡಿ. ನಿಮ್ಮ ಸ್ವರತೋರಣ ಆರ್ಕೆಸ್ಟ್ರಾ ಯಾವ ಊರಿನಲ್ಲೇ ಇರಲಿ, ವೇದಿಕೆಯ ಎಡಗಡೆ, ನಿಮ್ಮ ಕಾಲಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುವ ದಪ್ಪ ಮೀಸೆಯ ಮನುಷ್ಯ ನಾನು. ಕಾರ್ಯಕ್ರಮ ಶುರುವಾಗುವ ಮುಂಚೆ ನಿಮ್ಮ ಅಪ್ಪಣೆ ಕೇಳಿ, ನಿಮ್ಮ ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ಮೇಲೆ ಪುಟ್ಟ ರೆಕಾರ್ಡರ್ ಇಡುತ್ತೇನಲ್ಲ, ಅವನೇ. ಚನ್ನಗಿರಿಯಲ್ಲಿ ನನ್ನದು ಅಡಿಕೆ ವ್ಯಾಪಾರ. ಸಿಪ್ಪೆ ಬಿಡಿಸದ ಗೋಟು ಅಡಿಕೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಎಂದು ಹೇಳುವ ಕಿವಿ ಇದು. ಅಷ್ಟು ಸುಲಭಕ್ಕೆ ಯಾರನ್ನೂ ಮೆಚ್ಚುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು “ಥ್ಯಾಂಕ್ಸ್ ಸರ್” ಎಂದು ಹೇಳಿ ಇಟ್ಟುಬಿಡುತ್ತೀರಿ. ನಾನು ಭದ್ರಾವತಿ ಆಕಾಶವಾಣಿಗೆ ಕೋರಿಕೆ ಹಾಡಿನ ಕಾರ್ಡು ಬರೆದು ಬರೆದು ಬೆಳೆದವನು. ಮೆಚ್ಚಿದ್ದನ್ನು ಕಾಗದದಲ್ಲಿ ಹೇಳಿದರೇ ನನಗೆ ಸಮಾಧಾನ. ನಿಮ್ಮ ವಿಳಾಸವನ್ನು ತಂಡದ ಯಜಮಾನರಾದ ಕೀಬೋರ್ಡಿನ ಪ್ರವೀಣ್ ಕುಮಾರ್ ಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನ್ಯಾಮತಿಯ ರಾಜ್ಯೋತ್ಸವದಲ್ಲಿ ನೀವು ಮಾಡಿದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಸಾಯುವ ತನಕ ಮರೆಯುವುದಿಲ್ಲ. ಆ ಹಳೆಯ ಯುಗಳಗೀತೆಯ ಎರಡನೇ ಚರಣಕ್ಕೆ ಮುಂಚೆ ಬರುವ ಗಿಟಾರ್ ಬಿಟ್. ಅರ್ಧಕ್ಕೆ ಬಂದಾಗ ಟಣ್ ಎಂದು ತಂತಿ ಕಿತ್ತುಹೋಯಿತು. ಹಾಡುತ್ತಿದ್ದ ವಾಣಿಶ್ರೀಯವರು ಗಾಬರಿಯಾಗಿ ತಿರುಗಿ ನೋಡಿದರು. ನೀವು ತಲೆ ಕೂಡ ಎತ್ತಲಿಲ್ಲ. ಒಂದು ಉಸಿರಿನಷ್ಟು ಹೊತ್ತು ತಡೆದಿರಿ, ಆಮೇಲೆ ಉಳಿದದ್ದನ್ನು ದಪ್ಪ ತಂತಿಗಳಿಗೆ ಇಳಿಸಿ ನಿಧಾನವಾಗಿ ಮುಗಿಸಿದಿರಿ. ತಂತಿ ಕಿತ್ತುಹೋಗದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳುತ್ತೇನೆ. ಬೇಡವೆಂದರೂ ನನ್ನ ಬಾಯಿಂದ “ಆಹಾ!” ಬಂದುಬಿಟ್ಟಿತು. ಅಕ್ಕಪಕ್ಕದವರು ನಕ್ಕರು. ನಗಲಿ.

ಮನೆಯಲ್ಲಿ ಆ ರೆಕಾರ್ಡು ಹಾಕಿದರೆ ನನ್ನ ಹೆಂಡತಿ ಕೊಟ್ರಮ್ಮ, “ಕೊನೀಗೆ ನಿಮ್ದೇ ದನಿ ಜೋರೈತಲ್ರೀ. ಪಾಪ, ಅವ್ರು ಬಾರ್ಸಿದ್ದು ಕೇಳಾಕೆ ಬಿಡ್ರಿ ಒಂಚೂರು” ಎನ್ನುತ್ತಾಳೆ.

ಇನ್ನೊಂದು ಮಾತು. ಅವತ್ತು ಕೊಳಲೂ ಸೊಗಸಾಗಿತ್ತು. ಆದರೆ ಕೊಳಲಿನ ಪರಶುರಾಮ್ ನನಗೆ ಕಾಣಲೇ ಇಲ್ಲ, ಶಾಮಿಯಾನದ ಕಂಬ ಅಡ್ಡ ಬಂದಿತ್ತೋ ಏನೋ. ಅವರಿಗೂ ನನ್ನ ಮೆಚ್ಚುಗೆ ಮುಟ್ಟಿಸಿ.

ನಿಮ್ಮ,
ಮರುಳಪ್ಪ


ಜಗಳೂರು
12 ಡಿಸೆಂಬರ್ 2023

ಮರುಳಪ್ಪಣ್ಣನವರಿಗೆ ಮೈಲಾರಿಯ ವಂದನೆ.

ನಿಮ್ಮ ಕಾಗದ ಬಂತು. ನಮ್ಮ ಮನೆಗೆ ಬ್ಯಾಂಕಿನ ನೋಟಿಸು, ಮದುವೆ ಕಾರ್ಡು ಬಿಟ್ಟರೆ ಅಂಚೆಯಲ್ಲಿ ಏನೂ ಬರುವುದಿಲ್ಲ. ನನ್ನ ಹೆಂಡತಿ ಸುಧಾ ಮೊದಲು ಹೆದರಿದಳು. ಆಮೇಲೆ ಇಬ್ಬರೂ ಕೂತು ಎರಡು ಸಲ ಓದಿದೆವು.

ನೀವು ಯಾರೆಂದು ಹೇಳಬೇಕಾಗಿರಲಿಲ್ಲ. ತಂಡದಲ್ಲಿ ನಿಮಗೆ ‘ಆಹಾ ಅಣ್ಣ’ ಎಂದೇ ಹೆಸರು. ಬೇಸರ ಮಾಡಿಕೊಳ್ಳಬೇಡಿ. ಜನ ಹಾಡುವವರನ್ನು ನೋಡುತ್ತಾರೆ, ಕುಣಿಯುವವರನ್ನು ನೋಡುತ್ತಾರೆ. ಗಿಟಾರಿನವನು ಹಿಂದೆ ನಿಂತಿರುತ್ತಾನೆ. ನನ್ನ ಮಾವನವರು ಇವತ್ತಿಗೂ ಯಾರಾದರೂ ಕೇಳಿದರೆ, “ನಮ್ಮ ಅಳಿಯಂಗೆ ಹಾಡಾಕೆ ಬರಾದಿಲ್ಲ, ಅದಕ್ಕೇ ಹಿಂದೆ ನಿಲ್ಸವ್ರೆ” ಎನ್ನುತ್ತಾರೆ. ಬಿಟ್ ಮುಗಿದ ಮೇಲೆ ಎಡಗಡೆಯಿಂದ ನಿಮ್ಮ ಆಹಾ ಬರುತ್ತದೋ ಇಲ್ಲವೋ ಎಂದು ನಾನು ಕಿವಿ ಕೊಟ್ಟಿರುತ್ತೇನೆ. ಬರದಿದ್ದರೆ ಮನೆಗೆ ಬಂದು ಅದನ್ನೇ ಮತ್ತೆ ಅಭ್ಯಾಸ ಮಾಡುತ್ತೇನೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ಪರಶುರಾಮ್ ಈಗ ತಂಡದಲ್ಲಿಲ್ಲ. ಅದು ಬೇರೆ ವಿಷಯ, ಬಿಡಿ.

ರೆಕಾರ್ಡುಗಳು ನಿಮ್ಮ ಹತ್ತಿರವೇ ಇರಲಿ ಅಣ್ಣ. ಯಾರ ಕೈಗೂ ಹೋಗುವುದು ಬೇಡ.

ಇಂತಿ,
ಮೈಲಾರಿ


ಚನ್ನಗಿರಿ
9 ಆಗಸ್ಟ್ 2024

ಮೈಲಾರಿಯವರಿಗೆ ನಿಮ್ಮ ಆಹಾ ಅಣ್ಣನ ನಮಸ್ಕಾರ. ಈ ಹೆಸರು ನನಗೆ ಬಹಳ ಹಿಡಿಸಿದೆ. ಕೊಟ್ರಮ್ಮನಿಗೆ ಹೇಳಿದ್ದೇ ತಪ್ಪಾಯಿತು, ಈಗ ಅನ್ನಕ್ಕೆ ಸಾರು ಹಾಕುವಾಗಲೂ “ಆಹಾ ಅನ್ನಾಕಿಲ್ವಾ?” ಎಂದು ಕೇಳುತ್ತಾಳೆ.

ಕತ್ತಲಗೆರೆಯಲ್ಲಿ ಮಳೆ ಬಂದು ಅರ್ಧಕ್ಕೆ ನಿಂತ ಕಾರ್ಯಕ್ರಮ, ಉಬ್ರಾಣಿಯಲ್ಲಿ ಕರೆಂಟು ಹೋದಾಗ ನೀವು ಸ್ಪೀಕರ್ ಇಲ್ಲದೆ ಬರಿಗಿಟಾರು ಬಾರಿಸಿದ್ದು, ಹೊನ್ನಾಳಿಯ ಮದುವೆ ಆರತಕ್ಷತೆಯಲ್ಲಿ ಯಾರೂ ಕೇಳದಿದ್ದರೂ ಬಾರಿಸಿದ್ದು, ಎಲ್ಲಕ್ಕೂ ನಾನಿದ್ದೆ. ಆ ಆರತಕ್ಷತೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಹುಡುಗನ ಕಡೆಯವನೆಂದು ಹೇಳಿಕೊಂಡು ಊಟಕ್ಕೂ ಕೂತೆ, ಪಾಯಸ ಚೆನ್ನಾಗಿತ್ತು.

ನಿಮ್ಮ ಮೇಲೆ ನನಗೊಂದು ಕೋಪವಿದೆ. ನೀವಾಗಿ ಮುಂದೆ ಬರುವವರಲ್ಲ. ಇಷ್ಟು ವಿದ್ಯೆ ಇಟ್ಟುಕೊಂಡು, ಕುಣಿಯುವವರ ಬೆನ್ನು ನೋಡುತ್ತ ನಿಂತಿರುತ್ತೀರಿ. ನನಗೆ ನೋಡಲಾಗುವುದಿಲ್ಲ. ಅದಕ್ಕೇ ನಾನೂ ಪ್ರವೀಣ್ ಕುಮಾರ್ ಅವರೂ ಕೂತು ನಿಮಗಾಗಿ ಒಂದು ಕೆಲಸ ಮಾಡಿದ್ದೇವೆ. ಏನೆಂದು ಈಗ ಹೇಳುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ನಿಮಗೇ ತಿಳಿಯುತ್ತದೆ. ಆಮೇಲೆ ನೀವು ಈ ಮರುಳಪ್ಪನನ್ನು ಮರೆಯುವುದಿಲ್ಲ.

ನಿಮ್ಮ ಆಹಾ ಅಣ್ಣ


ಜಗಳೂರು
2 ಸೆಪ್ಟೆಂಬರ್ 2024

ಮರುಳಪ್ಪನವರಿಗೆ,

ಪ್ರವೀಣ್ ಕುಮಾರ್ ಎಲ್ಲ ಹೇಳಿದರು. ನೀವಿಬ್ಬರೂ ಮಾಡಿದ ಕೆಲಸವನ್ನು ಕೇಳಿಸಿದರು. ಬಹಳ ಸ್ಪಷ್ಟವಾಗಿದೆ. ತಂತಿ ಕಿತ್ತುಹೋದದ್ದು ಕೂಡ ಕೇಳುತ್ತದೆ.

ಇನ್ನು ನನಗೆ ಊರೂರು ತಿರುಗುವ ಕಷ್ಟವಿಲ್ಲ. ನಿಮ್ಮ ಉಪಕಾರವನ್ನು ನಾನೂ ನನ್ನ ಮನೆಯವರೂ ಮರೆಯುವುದಿಲ್ಲ.

ಮೈಲಾರಿ


ಚನ್ನಗಿರಿ
24 ಸೆಪ್ಟೆಂಬರ್ 2024

ಮೈಲಾರಿಯವರಿಗೆ,

ನಿಮ್ಮ ಕಾಗದ ಓದಿ ಕಣ್ಣು ತುಂಬಿ ಬಂತು. ಉಪಕಾರವೆಂಬ ದೊಡ್ಡ ಮಾತು ಬೇಡ. ಈಗ ಬಿಚ್ಚಿ ಹೇಳುತ್ತೇನೆ. ಬೆಂಗಳೂರಿನ ಸ್ಟುಡಿಯೋದವರಿಗೆ ಕೇಳಿಸಿ ನಿಮಗೆ ರೆಕಾರ್ಡಿಂಗ್ ಕೆಲಸ ಕೊಡಿಸುತ್ತೇನೆ ಎಂದು ಪ್ರವೀಣ್ ಕುಮಾರ್ ಹೇಳಿದರು. ಅದಕ್ಕೇ ನನ್ನ ಹತ್ತಿರವಿದ್ದ ಎಲ್ಲ ರೆಕಾರ್ಡುಗಳನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಯಾರಿಗೂ ಕೊಡಬೇಡಿ ಎಂದು ನೀವು ಬರೆದಿದ್ದಿರಿ, ಅದು ನಿಮ್ಮ ಸಂಕೋಚ ಎಂದು ನನಗೆ ಗೊತ್ತಿತ್ತು. ಇನ್ನು ಊರೂರು ತಿರುಗುವುದಿಲ್ಲ ಎಂದಿರಲ್ಲ, ಕೆಲಸ ಸಿಕ್ಕಿತು ಎಂದಾಯಿತು. ಸ್ವೀಟು ಹಂಚಿದೆ.

ಮೊನ್ನೆ ಹೊನ್ನಾಳಿಯ ಗಣಪತಿ ಕಾರ್ಯಕ್ರಮಕ್ಕೆ ಹೋಗಿದ್ದೆ. ನೀವು ನಿಲ್ಲುತ್ತಿದ್ದ ಜಾಗದಲ್ಲಿ ಕಪ್ಪು ಕನ್ನಡಕದ ಒಬ್ಬ ಹೊಸಬ ಗಿಟಾರು ಹಿಡಿದು ನಿಂತಿದ್ದ. ನಿಮ್ಮನ್ನು ಕೇಳಿದ್ದಕ್ಕೆ ಪ್ರವೀಣ್ ಕುಮಾರ್, “ಅವ್ರಿಗೆ ಈಗ ಬೇರೆ ಕೆಲ್ಸ ಐತಣ್ಣಾ” ಎಂದರು. ನನಗೆ ಸಂತೋಷವೂ ಆಯಿತು, ಎದೆ ಖಾಲಿಯೂ ಆಯಿತು. ನೀವಿಲ್ಲದೆ ಅಲ್ಲಿ ನನಗೇನು ಕೆಲಸ? ಹಾಡು ಶುರುವಾಗುವ ಮುಂಚೆಯೇ ಎದ್ದು ಬಂದುಬಿಟ್ಟೆ.

ಯಾವ ಸ್ಟುಡಿಯೋ, ಎಲ್ಲಿ ಇಳಿದುಕೊಂಡಿದ್ದೀರಿ, ಊಟ ತಿಂಡಿಗೆ ಏನು ವ್ಯವಸ್ಥೆ ಎಂದು ಎರಡು ಸಾಲು ಬರೆಯಿರಿ.

ನಿಮ್ಮ ಆಹಾ ಅಣ್ಣ


ಚನ್ನಗಿರಿ
6 ನವೆಂಬರ್ 2024

ಶ್ರೀ ಮೈಲಾರಿಯವರಿಗೆ,

ಕಾಗದ ಬರೆದು ತಿಂಗಳ ಮೇಲಾಯಿತು. ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ದೊಡ್ಡವರಾಗಿದ್ದೀರಿ, ಆಗಲಿ, ಅದಕ್ಕಾಗಿಯೇ ಒದ್ದಾಡಿದವನು ನಾನು. ಆದರೆ ಹತ್ತಿದ ಮೇಲೆ ಏಣಿ ಒದೆಯುವ ಬುದ್ಧಿ ನಿಮಗೆ ಬರುತ್ತದೆ ಎಂದುಕೊಂಡಿರಲಿಲ್ಲ.

ಕೊಟ್ರಮ್ಮ ಮಾತ್ರ, “ಅವ್ರಿಗೇನು ಕಷ್ಟ ಬಂದೈತೋ ಏನೋ, ಒಂದ್ಸಲ ಹೋಗಿ ನೋಡ್ಕಂಡು ಬರ್ರಿ” ಎನ್ನುತ್ತಾಳೆ. ಕರೆಯದ ಮನೆಗೆ ನಾನು ಹೋಗುವವನಲ್ಲ. ಈ ತಿಂಗಳ ಕೊನೆಗೆ ಜಗಳೂರಿನಲ್ಲಿ ಸ್ವರತೋರಣದ ಕಾರ್ಯಕ್ರಮವಿದೆಯಂತೆ. ನಿಮ್ಮ ಊರು, ನಿಮ್ಮ ತಂಡ. ಅವತ್ತಾದರೂ ಮುಖ ತೋರಿಸುತ್ತೀರೋ ನೋಡುತ್ತೇನೆ.

ಮರುಳಪ್ಪ


ಚನ್ನಗಿರಿ
2 ಡಿಸೆಂಬರ್ 2024

ಮೈಲಾರಿಯವರೇ,

ಮೊನ್ನೆ ನಿಮ್ಮ ಮನೆಯ ಬಾಗಿಲ ತನಕ ಬಂದು ತಿರುಗಿ ಹೋದೆ. ಬಾಗಿಲು ಬಡಿಯಲು ಕೈ ಬರಲಿಲ್ಲ. ನನ್ನ ಹಿಂದಿನ ಕಾಗದವನ್ನು ಹರಿದು ಒಲೆಗೆ ಹಾಕಿ. ಅದನ್ನು ಬರೆದ ಕೈಯನ್ನು ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಜಗಳೂರಿನ ಕಾರ್ಯಕ್ರಮದಲ್ಲಿ ಎಂದಿನಂತೆ ಎಡಗಡೆ ಕೂತೆ. ನೀವಿರಲಿಲ್ಲ. ಆ ಕಪ್ಪು ಕನ್ನಡಕದವನೇ ಇದ್ದ. ಆದರೆ ಈ ಸಲ ಹಠಕ್ಕೆ ಬಿದ್ದು ಕೂತೆ, ನಿಮ್ಮ ಜಾಗದಲ್ಲಿ ನಿಂತವನು ಏನು ಕಿತ್ತು ಹಾಕುತ್ತಾನೆ ನೋಡೋಣ ಎಂದು. ವಾಣಿಶ್ರೀಯವರು ಆ ಯುಗಳಗೀತೆ ಶುರು ಮಾಡಿದರು. ಮೊದಲ ಚರಣ ಮುಗಿದು ಗಿಟಾರ್ ಬಿಟ್ ಬಂತು. ಬಾರಿಸುವುದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ನಿಮ್ಮದೇ ಕೈ. ಅವನ ಬೆರಳು ನೋಡಿದೆ, ಎಲ್ಲೆಲ್ಲೋ ಓಡುತ್ತಿತ್ತು. ಅವನ ಗಿಟಾರಿನ ವೈರು ನೋಡಿದೆ. ಕಾಲ ಹತ್ತಿರ ಸುರುಳಿಯಾಗಿ ಬಿದ್ದಿತ್ತು, ಯಾವುದಕ್ಕೂ ಸಿಕ್ಕಿಸಿರಲಿಲ್ಲ.

ಆಗ ಟಣ್ ಎಂದಿತು. ಅವನ ತಂತಿಗಳೆಲ್ಲ ನೆಟ್ಟಗಿದ್ದವು. ವಾಣಿಶ್ರೀಯವರು ತಿರುಗಿ ನೋಡಲೂ ಇಲ್ಲ. ಒಂದು ಉಸಿರಿನಷ್ಟು ತಡೆದು, ಬಿಟ್ ದಪ್ಪ ತಂತಿಗೆ ಇಳಿಯಿತು. ನ್ಯಾಮತಿಯದು. ನಾನು ಗರಬಡಿದವನಂತೆ ಕೂತಿದ್ದೆ, ಬಾಯಿ ಬಿಗಿಯಾಗಿ ಮುಚ್ಚಿತ್ತು. ಅಷ್ಟರಲ್ಲಿ ಎರಡೂ ಕಡೆಯ ದೊಡ್ಡ ಸ್ಪೀಕರ್‌ಗಳಿಂದ ಇಡೀ ಜಗಳೂರಿಗೆ ಕೇಳುವಂತೆ ನಾನು “ಆಹಾ!” ಎಂದೆ.

ಜನ ಚಪ್ಪಾಳೆ ಹೊಡೆದರು. ನನ್ನ ಪಕ್ಕದಲ್ಲಿದ್ದವರು, “ಯಾರೋ ಹಿರೇರು, ಭಾಳ ಖುಷಿಯಾಗ್ಯಾರೆ” ಎಂದು ನಕ್ಕರು.

ಮುಗಿದ ಮೇಲೆ ಪ್ರವೀಣ್ ಕುಮಾರ್ ಅವರನ್ನು ಹಿಡಿದು ನಿಲ್ಲಿಸಿದೆ. ಅವರಿಗೆ ಒಂದಿಷ್ಟೂ ಅಳುಕಿಲ್ಲ.

“ನೀವೇ ಕೊಟ್ಟಿದ್ದಲ್ವಾ ಅಣ್ಣಾ? ಹಾಡಿಲ್ದಿರೋ ಜಾಗ ಎಲ್ಲಾ ಕತ್ತರ್ಸಿ ಮ್ಯೂಸಿಕ್ ಟ್ರ್ಯಾಕಿಗೆ ಸೇರ್ಸಿದ್ದೀವಿ. ಈಗ ಎಲ್ಲಾ ತಂಡದೋರೂ ಹಿಂಗೇ ಮಾಡಾದು. ಕೊಳಲು ಯಾವಾಗಿಂದ್ಲೋ ಪೆನ್‌ಡ್ರೈವಿನಾಗೆ ಐತಿ, ನೀವೇನಾರ ಕೇಳಿದ್ರಾ?”

ಕಂಬ ಅಡ್ಡ ಬಂದಿರಲಿಲ್ಲ ಮೈಲಾರಿಯವರೇ. ಇಲ್ಲದ ಮನುಷ್ಯನ ಕೊಳಲನ್ನು ಮೆಚ್ಚಿ ನಿಮಗೇ ಕಾಗದ ಬರೆದಿದ್ದೆ. ಅಡಿಕೆಯ ಸದ್ದು ಹಿಡಿಯುವ ಕಿವಿಯಂತೆ ನನ್ನದು!

“ಸ್ಟುಡಿಯೋದೋರಿಗೆ ಕೇಳಿಸ್ತೀನಿ ಅಂದಿದ್ರಲ್ಲ?” ಎಂದೆ.

“ಕೇಳಿಸ್ದೆ. ಕತ್ತರ್ಸಿದ್ದು ಅವ್ರೇ.”

“ಮತ್ತೆ ನನ್ನ ದನಿ ಯಾಕ್ರೀ ಬಿಟ್ರಿ ಅದ್ರಾಗೆ?”

“ಅದು ಇದ್ರೇನೇ ಅಣ್ಣಾ, ಜನ ನಂಬಾದು.”

ಆಮೇಲೆ ನಿಮ್ಮ ಸೆಪ್ಟೆಂಬರಿನ ಕಾಗದ ನೆನಪಾಯಿತು. ಅದನ್ನು ನಾನು ಥ್ಯಾಂಕ್ಸ್ ಎಂದು ಓದಿಕೊಂಡು ಸ್ವೀಟು ಹಂಚಿದ್ದೆ. ಆ ಸ್ವೀಟು ತಿಂದವರ ಮುಖಗಳೆಲ್ಲ ಈಗ ಕಣ್ಣ ಮುಂದೆ ಬರುತ್ತವೆ.

ನಿಮ್ಮ ಅನ್ನಕ್ಕೆ ನಾನು ಕಲ್ಲು ಹಾಕಿದೆ. ಬೇಕೆಂದು ಮಾಡಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ಮನೆಗೆ ಬಂದವನೇ ರೆಕಾರ್ಡರಿನಲ್ಲಿ, ಕಂಪ್ಯೂಟರಿನಲ್ಲಿ ಇದ್ದುದನ್ನೆಲ್ಲ ಅಳಿಸಿ ಹಾಕಿದೆ. ಕೊಟ್ರಮ್ಮ ಕೈ ಹಿಡಿದುಕೊಂಡು, “ಅದೇನು ಪಾಪ ಮಾಡೈತ್ರೀ, ಬಿಡ್ರಿ” ಎಂದಳು. ಬಿಡಲಿಲ್ಲ. ಒಂದೂ ಉಳಿದಿಲ್ಲ. ಇನ್ನು ನಾನು ಯಾವ ಕಾರ್ಯಕ್ರಮಕ್ಕೂ ಹೋಗುವುದಿಲ್ಲ.

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ.

ಮರುಳಪ್ಪ


ಜಗಳೂರು
5 ಜನವರಿ 2025

ಮರುಳಪ್ಪಣ್ಣನವರಿಗೆ,

ಉತ್ತರ ಬರೆಯಲು ತಿಂಗಳು ಹಿಡಿಯಿತು. ಸುಳ್ಳು ಹೇಳುವುದಿಲ್ಲ, ನಿಮ್ಮ ಮೇಲೆ ನನಗೆ ಹೇಳಲಾರದಷ್ಟು ಸಿಟ್ಟಿತ್ತು. “ಮರುಳಪ್ಪಣ್ಣನೂ ನಾನೂ ಕೂತು ಮಾಡಿದ್ದು, ಕೇಳ್ರಿ” ಎಂದು ಪ್ರವೀಣ್ ಕುಮಾರ್ ಅದನ್ನು ಕೇಳಿಸಿದಾಗ, ನಿಮ್ಮ ಆಗಸ್ಟ್ ಕಾಗದ ನನ್ನ ಜೇಬಿನಲ್ಲೇ ಇತ್ತು. ಅದರಲ್ಲಿಯೂ ಅದೇ ಮಾತಿತ್ತು. ಬಿಟ್ ಮುಗಿದು ನಿಮ್ಮ ಆಹಾ ಬಂದಾಗ, ಇಷ್ಟು ದಿನ ಈ ದನಿಗಾಗಿ ಬಾರಿಸಿದೆನಲ್ಲ ಎಂದು ನನಗೆ ಅಸಹ್ಯವಾಯಿತು. ಆಮೇಲೆ ಬಂದ ನಿಮ್ಮ ಎರಡು ಕಾಗದಗಳನ್ನು ಒಡೆಯಲೇ ಇಲ್ಲ. ಸುಧಾ ಅವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು.

ಇಲ್ಲಿನ ಕಾರ್ಯಕ್ರಮಕ್ಕೆ ನಾನು ಹೋಗಲಿಲ್ಲ, ಸುಧಾ ಹೋಗಿದ್ದಳು. ಎಡಗಡೆ ಕೂತ ದಪ್ಪ ಮೀಸೆಯವರು ನೀವೇ ಎಂದು ಗುರುತಿಸಿ, ಅವಳೇ ಬಂದು ಹೇಳಿದಳು: “ಸ್ಪೀಕರಿನಾಗೆ ಆಹಾ ಅಂತಿದ್ರು, ಇಲ್ಲಿ ನೋಡಿದ್ರೆ ಬಾಯಿ ಮುಚ್ಕಂಡು ಕೂತಿದ್ರು ರೀ. ಮುಖ ಸುಣ್ಣ ಬಳ್ದಂಗೆ ಆಗಿತ್ತು. ಆ ಮನ್ಷಾಗೆ ಏನೂ ಗೊತ್ತಿಲ್ಲ, ನಾನು ಹೇಳ್ತೀನಿ ಕೇಳ್ರಿ.” ನಾನು ಒಪ್ಪಲಿಲ್ಲ. ಎರಡು ದಿನ ಕಳೆದ ಮೇಲೆ ಆ ಕಾಗದಗಳನ್ನು ಒಡೆದು ಓದಿದೆ. ಮಾರನೇ ದಿನ ನಿಮ್ಮ ಕೊನೆಯದೂ ಬಂತು.

ತಪ್ಪು ನಿಮ್ಮದೊಂದೇ ಅಲ್ಲ. ಪರಶುರಾಮನನ್ನು ತಂಡದಿಂದ ತೆಗೆದದ್ದೂ ಹೀಗೆಯೇ. ಅವತ್ತು ಅವನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ, ನನ್ನ ಜಾಗ ಉಳಿದರೆ ಸಾಕು ಎಂದುಕೊಂಡೆ. ರೆಕಾರ್ಡು ಯಾರಿಗೂ ಕೊಡಬೇಡಿ ಎಂದು ಬರೆದವನು ಯಾಕೆಂದು ಬರೆಯಲಿಲ್ಲ. ನನಗೂ ಅದೇ ಗತಿ ಬರುತ್ತದೆಂಬ ಹೆದರಿಕೆಯಿದೆ ಎಂದು, ನನ್ನನ್ನು ಅಷ್ಟು ದೊಡ್ಡವನೆಂದು ತಿಳಿದಿದ್ದ ನಿಮಗೆ ಹೇಳಿಕೊಳ್ಳಲು ನಾಚಿಕೆಯಾಯಿತು.

ಈಗ ನಮ್ಮ ಚಿಕ್ಕಪ್ಪನ ಮಗನ ಶಾಲಾ ವ್ಯಾನು ಓಡಿಸುತ್ತಿದ್ದೇನೆ. ಗಿಟಾರನ್ನು ಅಕ್ಟೋಬರಿನಲ್ಲೇ ಮಾರಿದೆ. ಜಡ್ಡು ಕರಗಿ ಬೆರಳ ತುದಿಗಳು ಮೆತ್ತಗಾಗಿವೆ. ಇದನ್ನು ಓದಿ ನೀವು ಹೊಸ ಗಿಟಾರು ತೆಗೆದುಕೊಂಡು ಬಂದು ನಿಲ್ಲಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ನನಗಿನ್ನೂ ಸಿಟ್ಟು ಹೋಗಿಲ್ಲ. ಯಾರ ಮೇಲೆ ಎಂಬುದು ಮಾತ್ರ ತಿಳಿಯುತ್ತಿಲ್ಲ.

ಆದರೆ ಅಣ್ಣ, ಎಲ್ಲವನ್ನೂ ಯಾಕೆ ಅಳಿಸಿದಿರಿ? ನನ್ನ ಹತ್ತಿರ ನನ್ನದೊಂದೂ ಇಲ್ಲ. ಬಾರಿಸುವವನು ತನ್ನದನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ನಿಮ್ಮ ಹತ್ತಿರ ಇದೆಯಲ್ಲ ಎಂದು, ಸಿಟ್ಟಿನಲ್ಲಿಯೂ, ಒಂದು ಧೈರ್ಯವಿತ್ತು. ಈಗ ನಾನು ಬಾರಿಸಿದ್ದು ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ, ಅದು ಪ್ರವೀಣ್ ಕುಮಾರ್ ಅವರ ಪೆನ್‌ಡ್ರೈವಿನಲ್ಲಿ ಮಾತ್ರ.

ಈ ತಿಂಗಳ ಕೊನೆಗೆ ನ್ಯಾಮತಿಯಲ್ಲಿ ಅವರ ಕಾರ್ಯಕ್ರಮವಿದೆ. ತಂತಿ ಕಿತ್ತುಹೋದ ಅದೇ ಮೈದಾನ. ನಾನು ಹೋಗಬೇಕೆಂದಿದ್ದೇನೆ. ಯಾವತ್ತೂ ವೇದಿಕೆಯ ಮೇಲೇ ಇದ್ದವನು, ಕೆಳಗೆ ಜನರ ನಡುವೆ ಕೂತರೆ ನನ್ನದು ಹೇಗೆ ಕೇಳುತ್ತದೆಂದು ನನಗೆ ಗೊತ್ತೇ ಇಲ್ಲ. ಒಬ್ಬನೇ ಕೂರಲು ಆಗುವುದಿಲ್ಲ. ನೀವೂ ಬನ್ನಿ. ಮುಂದಿನ ಸಾಲು ಬೇಡ, ಹಿಂದೆ ಎಲ್ಲಾದರೂ ಒಟ್ಟಿಗೆ ಕೂರೋಣ. ರೆಕಾರ್ಡರ್ ತರಬೇಡಿ.

ಆ ಬಿಟ್ ಬಂದಾಗ ಸ್ಪೀಕರಿನಿಂದ ನಿಮ್ಮ ಆಹಾ ಬರುತ್ತದೆ. ಅದು ಹೇಗೂ ಈಗ ಅವರದು, ಬಿಡಿ. ಅದು ಮುಗಿದ ಮೇಲೆ ನೀವು ನನ್ನ ಪಕ್ಕದಲ್ಲಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಇನ್ನೊಂದು ಸಲ ಹೇಳಬೇಕು. ಚೆನ್ನಾಗಿದ್ದರೆ ಮಾತ್ರ.

ಮೈಲಾರಿ